ನಲವತ್ತು ಚೀಲದ ಕೊಸರು

"ಹೇಳಿದ್ದಕ್ಕಿಂತ ಹೆಚ್ಚು ಮಾಡಿದರೆ ತಪ್ಪೇನು, ಗುರುಗಳೇ?"

ಹೀಗೆ ಕೇಳಿದವನು ಮಠಕ್ಕೆ ಬಂದು ಎರಡು ವರ್ಷವಾಗಿದ್ದ ಶಿಷ್ಯ. ವಾರಕ್ಕೆ ಒಂದು ದಿನ ಉಪವಾಸ ಎಂದು ಗುರುಗಳು ಹೇಳಿದ್ದರು. ಅವನು ಮೂರು ದಿನ ಮಾಡುತ್ತಿದ್ದ. ಒಂದೇ ಸಾಕು ಎಂದು ಗುರುಗಳು ಎರಡು ಸಲ ಹೇಳಿ ಕಳಿಸಿದ್ದರು. ಅದು ಅವನಿಗೆ ಸರಿ ಕಾಣಲಿಲ್ಲ. ಕಡಿಮೆ ಮಾಡಿದವನನ್ನು ಬಯ್ಯುವುದು ಸರಿ, ಹೆಚ್ಚು ಮಾಡಿದವನನ್ನೂ ಬಯ್ಯುವುದುಂಟೇ ಎಂದು ಅವನ ಮನಸ್ಸಿನಲ್ಲಿತ್ತು.

"ಒಳ್ಳೆಯದು ಒಂದು ಹಿಡಿ ಹೆಚ್ಚಾದರೆ ಯಾರಿಗೆ ನಷ್ಟ?" ಎಂದು ಮತ್ತೆ ಕೇಳಿದ.

ಗುರುಗಳು ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಧಾನ್ಯದ ಪೇಟೆಯಲ್ಲಿ ಇದ್ದವರು. ಶಾಸ್ತ್ರಕ್ಕಿಂತ ಪೇಟೆಯ ಕತೆಗಳೇ ಅವರ ಬಳಿ ಹೆಚ್ಚು. "ಕೂತುಕೋ" ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಭತ್ತ ಕೊಂಡು ಅಕ್ಕಿ ಮಾಡಿ ಮಾರುವುದು ಅವನ ಕಸುಬು. ಅವನ ಗಿರಣಿಯಲ್ಲಿ ತೂಕ ಕಡಿಮೆ ಬಂತು ಎಂದು ಯಾರೂ ದೂರಿದ್ದಿಲ್ಲ. ತೂಗಿ ಮುಗಿದ ಮೇಲೆ ಒಂದು ಬೊಗಸೆ ಅಕ್ಕಿಯನ್ನು ತನ್ನ ಕೈಯಾರೆ ಗಿರಾಕಿಯ ಚೀಲಕ್ಕೆ ಸುರಿಯುತ್ತಿದ್ದ. ಅದು ಕೊಸರು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೆ ಮಾಡುತ್ತಿದ್ದ. ಆ ಒಂದು ಬೊಗಸೆಗಾಗಿ ಜನ ಮೂರು ಅಂಗಡಿ ದಾಟಿ ಅವನಲ್ಲಿಗೆ ಬರುತ್ತಿದ್ದರು. ತೂಕ ಸರಿಯಿದ್ದರೆ ಅದು ವ್ಯಾಪಾರ, ಮೇಲೆ ಕೊಸರು ಬಿದ್ದರೆ ಅದು ವಿಶ್ವಾಸ ಎಂಬುದು ಅವನ ತಿಳಿವಳಿಕೆ. ಪೇಟೆಯಲ್ಲಿ ಅದು ತಪ್ಪು ತಿಳಿವಳಿಕೆಯಲ್ಲ.

ಗಿರಣಿಗೆ ಹೊಸ ಬಾಯ್ಲರ್ ಬಂತು. ಭತ್ತ ಬೇಯಿಸುವ ಬಾಯ್ಲರ್, ಆನೆಯಷ್ಟು ದೊಡ್ಡದು, ಆನೆಗಿಂತ ಭಾರದ್ದು. ಅದು ಕೂರಬೇಕಾದ ಜಾಗ ಗಿರಣಿಯ ಹಿಂದೆ. ಹಿಂದಕ್ಕೆ ಲಾರಿ ಹೋಗುವ ದಾರಿಯಿಲ್ಲ. ಗಿರಣಿಯ ಸೂರಿನ ಮೇಲಿಂದ ದಾಟಿಸಿ ಆಚೆಗೆ ಇಳಿಸಬೇಕು. ನೆಟ್ಟಗೆ ಚಾಚುವ ಕ್ರೇನಿನಿಂದ ಅದು ಆಗದ ಕೆಲಸ. ಮೊಣಕೈ ಇರುವ ಕ್ರೇನ್ ಬೇಕು. ಹೆಂಗಸೊಬ್ಬಳು ಗೋಡೆಯ ಈಚೆ ನಿಂತು, ಮೇಲಿಂದ ಕೈ ಹಾಕಿ, ಆಚೆಯ ಕಟ್ಟೆಯ ಮೇಲೆ ಕೊಡ ಇಡುವುದಿಲ್ಲವೇ? ಆ ಕ್ರೇನ್ ಹಾಗೆ ಮಾಡುತ್ತದೆ. ತೋಳು ಚಾಚುತ್ತದೆ, ಮೊಣಕೈ ಮಡಚುತ್ತದೆ, ಆಚೆ ಇಳಿಸುತ್ತದೆ.

ಕ್ರೇನ್ ಬೆಳಗ್ಗೆ ಬಂತು. ಅದರ ಚಾಲಕ ನಡುವಯಸ್ಸಿನವನು, ಮಾತು ಕಡಿಮೆ. ಅಂಗಳಕ್ಕೆ ಬಂದವನೇ ಕಬ್ಬಿಣದ ಸಲಾಕೆ ಹಿಡಿದು ನೆಲವನ್ನು ಚುಚ್ಚುತ್ತ ಸುತ್ತಿದ. ಮೋರಿ ಎಲ್ಲಿದೆ, ಹಳೆಯ ಗುಂಡಿ ಎಲ್ಲಿ ಮುಚ್ಚಿದ್ದೀರಿ ಎಂದು ಕೇಳಿದ. ಆಮೇಲೆ ಕ್ರೇನನ್ನು ನಿಲ್ಲಿಸಿ ಅದರ ನಾಲ್ಕು ಕಬ್ಬಿಣದ ಕಾಲುಗಳನ್ನು ಹೊರಗೆ ಚಾಚಿದ. ಪ್ರತಿ ಕಾಲಿನ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಹಾಸಿದ. ಚಕ್ರಗಳು ನೆಲ ಬಿಟ್ಟು ಮೇಲೆದ್ದವು. ಮಟ್ಟ ತೋರಿಸುವ ಒಂದು ಗಾಜಿನ ನಳಿಗೆಯಲ್ಲಿ ಗಾಳಿಯ ಗುಳ್ಳೆಯಿತ್ತು. ಗುಳ್ಳೆ ನಡುಮಧ್ಯಕ್ಕೆ ಬರುವವರೆಗೆ ಅವನು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ.

ಗಿರಣಿಯ ಹಮಾಲರೆಲ್ಲ ನೋಡುತ್ತ ನಿಂತಿದ್ದರು. ಅವರಲ್ಲಿ ಹಿರಿಯನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನಲವತ್ತು ವರ್ಷ ಚೀಲ ಹೊತ್ತ ಬೆನ್ನು ಅವನದು.

ಕ್ರೇನಿನ ಜೊತೆಗೆ ಇನ್ನೊಂದು ಲಾರಿ ಬಂದಿತ್ತು. ಅದರಲ್ಲಿ ಏಳು ಕಬ್ಬಿಣದ ಹಲಗೆಗಳು. ಒಂದೊಂದೂ ಮಂಚದಷ್ಟು ಅಗಲ, ಮೊಳದಷ್ಟು ದಪ್ಪ. ಕ್ರೇನಿನವರು ಅವನ್ನು ಕೌಂಟರ್‌ವೇಟ್ ಎನ್ನುತ್ತಾರೆ. ನಾವು ಎದುರುತೂಕ ಎನ್ನೋಣ. ತೋಳು ಮುಂದೆ ಭಾರ ಹಿಡಿದಾಗ ಕ್ರೇನ್ ಮುಗ್ಗರಿಸದಂತೆ ಬೆನ್ನಿನ ಮೇಲೆ ಇಡುವ ತೂಕ ಅದು.

ಅದನ್ನು ಬೆನ್ನಿಗೆ ಏರಿಸುವುದು ಯಾರು? ಹಮಾಲರು ಆ ಮಾತನ್ನೇ ಆಡುತ್ತಿದ್ದರು. ಇನ್ನೊಂದು ಕ್ರೇನ್ ಬರುತ್ತದೆ ಎಂದು ಒಬ್ಬ ಹೇಳಿದ. ನಮಗೇ ಹೊರಿ ಅಂತಾನೆ ನೋಡು ಎಂದು ಇನ್ನೊಬ್ಬ ನಕ್ಕ.

ಯಾರೂ ಬರಲಿಲ್ಲ. ಕ್ರೇನ್ ತನ್ನ ತೋಳನ್ನು ತಾನೇ ಎತ್ತಿತು. ಪಕ್ಕದ ಲಾರಿಯಿಂದ ಒಂದು ಹಲಗೆಯನ್ನು ಹಿಡಿಯಿತು. ಮೊಣಕೈ ಮಡಚಿ, ಭುಜದ ಮೇಲಿಂದ ಕೈಯನ್ನು ಹಿಂದಕ್ಕೆ ತಂದು, ಆ ಕಬ್ಬಿಣವನ್ನು ತನ್ನ ಬೆನ್ನಿನ ಮೇಲೆ ತಾನೇ ಇಟ್ಟುಕೊಂಡಿತು. ಸದ್ದೇ ಆಗಲಿಲ್ಲ.

ಹಮಾಲರ ನಗು ನಿಂತಿತು. ಹುಟ್ಟಿದಾಗಿನಿಂದ ಅವರ ಬೆನ್ನಿಗೆ ಚೀಲ ಎತ್ತಿಕೊಡಲು ಇನ್ನೊಬ್ಬ ಬೇಕಾಗಿತ್ತು. ತನ್ನ ಹೊರೆಯನ್ನು ತಾನೇ ಬೆನ್ನಿಗೆ ಏರಿಸಿಕೊಳ್ಳುವುದನ್ನು ಅವರು ಯಾರಲ್ಲೂ ಕಂಡಿರಲಿಲ್ಲ. ಕಾಕಾ ತಲೆಯ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಎರಡನೆಯ ಹಲಗೆ ಇಳಿಯುವಾಗ ಒಬ್ಬ ಹಮಾಲ ಅಭ್ಯಾಸಬಲದಿಂದ ಮುಂದೆ ಹೋಗಿ ಅದಕ್ಕೆ ಅಂಗೈ ಕೊಟ್ಟ. ಚೀಲ ವಾಲಿದಾಗ ಕೊಡುವ ಹಾಗೆ. ತೋಳು ಅಲ್ಲೇ ನಿಂತಿತು. ಚಾಲಕ ಮೇಲಿನಿಂದ ಕೂಗಿದ.

"ಏ ಅಣ್ಣಾ, ಕೈ ತೆಗಿ. ಅದು ಚೀಲ ಅಲ್ಲ. ನಿನ್ನ ಕೈ ನಡುವೆ ಸಿಕ್ಕರ ಅದಕ್ಕ ಗೊತ್ತೂ ಆಗೂದಿಲ್ಲ. ಹಿಡೀಬೇಕಂದ್ರ ದೂರ ನಿಂತು ಹಗ್ಗ ಹಿಡಿ."

ಆಮೇಲೆ ಯಾರೂ ಹತ್ತಿರ ಹೋಗಲಿಲ್ಲ. ಇಬ್ಬರು ಎರಡು ಬದಿಗೆ ದೂರ ನಿಂತು ಹಗ್ಗದಿಂದ ಹಲಗೆಯನ್ನು ನೇರ ಮಾಡಿದರು. ನಡುವೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಪ್ರತಿ ಹಲಗೆ ಕೂತ ಮೇಲೂ ಚಾಲಕ ಇಳಿದು ಬಂದು ಗೂಟ ಜಡಿದು, ಎಳೆದು ನೋಡಿ, ಮತ್ತೆ ಗುಳ್ಳೆ ನೋಡಿ, ಕ್ರೇನನ್ನು ಒಂದು ಸುತ್ತು ಹಾಕಿ ಮೇಲೆ ಹತ್ತುತ್ತಿದ್ದ. ಐದಾದ ಮೇಲೆ ನಿಲ್ಲಿಸಿದ. ಹಿಂಬದಿಗೆ ಹಗ್ಗ ಕಟ್ಟಿ, ಇದರೊಳಗೆ ಯಾರೂ ಬರಬಾರದು ಎಂದ.

ವ್ಯಾಪಾರಿ ಹತ್ತಿರ ಬಂದ. "ಇನ್ನೆರಡು ಲಾರಿಯೊಳಗೇ ಉಳಿದಾವಲ್ಲ?"

"ಇವತ್ತಿನ ಭಾರಕ್ಕ ಐದು, ಸಾವ್ಕಾರ್ರೆ. ಪಟ್ಟಿಯೊಳಗ ಹಂಗ ಬರದದ."

"ಪಟ್ಟಿ ಇರ್ಲಿ. ಒಂದು ಕೊಸರು ಹಾಕಪಾ. ಇನ್ನೊಂದಿಟ್ಟು ಗಟ್ಟಿ ಇರ್ತದ."

"ಮುಂದಕ್ಕ ಬೀಳೂದನ್ನ ಎಲ್ಲಾರೂ ನೋಡ್ಯಾರ್ರಿ. ಬೆನ್ನು ಹೆಚ್ಚಾಗಿ ಹಿಂದಕ್ಕ ಬೀಳ್ತದಲ್ಲ, ಅದನ್ನ ಹತ್ತಿರದಿಂದ ನೋಡಿದವ್ರು ಹೇಳಾಕ ಉಳಿದಿಲ್ಲ."

ವ್ಯಾಪಾರಿ ಹಿಂದೆ ಸರಿದ. ಆದರೆ ಒಪ್ಪಲಿಲ್ಲ. ಇನ್ನೊಂದು ಹಲಗೆ ಎತ್ತುವ ಶ್ರಮ ಉಳಿಸಿಕೊಳ್ಳಲು ಆಡಿದ ಮಾತು ಎಂದು ಅವನಿಗೆ ತೋರಿತು. ಕೂಲಿ ಕೆಲಸದವರನ್ನು ಅವನು ಬಹಳ ಕಂಡವನು. ಅಳೆದು ಕೊಟ್ಟ ಕೆಲಸಕ್ಕಿಂತ ಒಂದು ಹಿಡಿ ಹೆಚ್ಚು ಮಾಡುವವರು ಸಾವಿರಕ್ಕೊಬ್ಬರು.

ಮಧ್ಯಾಹ್ನ ಚಾಲಕ ತೋಳನ್ನು ಬಾಯ್ಲರಿನ ಮೇಲೆ ಚಾಚಿ, ಕೊಕ್ಕೆ ಕಟ್ಟಿಸಿ, ಇನ್ನೂ ಎತ್ತದೆ, ಊಟಕ್ಕೆ ಹೋದ. ಆಗ ವ್ಯಾಪಾರಿ ಹಮಾಲರನ್ನು ಕರೆದ. ಕ್ರೇನಿನ ಬೆನ್ನಿಗೆ ಒಂದು ಮರದ ಹಲಗೆ ಆನಿಸಿ, ಲಾರಿಗೆ ಏರಿಸುವ ಹಾಗೆ ಭತ್ತದ ಚೀಲ ಏರಿಸಲು ಹೇಳಿದ. ನಲವತ್ತು ಚೀಲ. ಹಮಾಲರಿಗೆ ಅದು ಅರ್ಧ ಗಂಟೆಯ ಕೆಲಸ. ಮೇಲೆ ತಾಡಪಾಲು ಮುಚ್ಚಿಸಿ ಹಗ್ಗ ಬಿಗಿಸಿದ. ಕಾಕಾ ಒಂದು ಮಾತು ಕೇಳಿದ: "ಅವನಿಗೆ ಹೇಳೂದಿಲ್ಲೇನ್ರಿ?" ಕೊಸರನ್ನು ಯಾರಾದರೂ ಸಾರಿ ಹಾಕುತ್ತಾರೆಯೇ ಎಂದು ವ್ಯಾಪಾರಿ ನಕ್ಕ.

ಇನ್ನೊಂದು ಕೆಲಸವನ್ನೂ ಮಾಡಿದ. ಅವನ ತಾಯಿಗೆ ಎಂಬತ್ತು ದಾಟಿತ್ತು. ಮೊಣಕಾಲು ಹಿಡಿದಿತ್ತು, ಕಣ್ಣು ಚೆನ್ನಾಗಿತ್ತು. ಬಾಯ್ಲರ್ ಹಾರುವುದನ್ನು ನೋಡಬೇಕು ಎಂದು ಬೆಳಗಿನಿಂದ ಹಟ ಹಿಡಿದಿದ್ದಳು. ಅವಳನ್ನು ಎಲ್ಲಿ ಕೂರಿಸುವುದು? ಭಾರ ಮುಂದೆ ಹೋಗುತ್ತದೆ, ಆದ್ದರಿಂದ ಅಪಾಯ ಮುಂದೆ. ಹಿಂದೆ ನೆರಳಿದೆ. ಕ್ರೇನಿನ ಹಿಂದೆ ಅಂಗಳದ ಮೂಲೆ. ಒಂದು ಕಡೆ ಎರಡಾಳೆತ್ತರದ ಕಾಂಪೌಂಡ್ ಗೋಡೆ, ಒಂದು ಕಡೆ ಉಗ್ರಾಣದ ಗೋಡೆ, ಇನ್ನೊಂದು ಕಡೆ ಚೀಲಗಳ ಎತ್ತರದ ಒಟ್ಟು. ಅಲ್ಲಿಗೆ ಹೋಗಲು ದಾರಿ ಒಂದೇ, ಕ್ರೇನಿನ ಬೆನ್ನಿನ ಕೆಳಗೆ. ವ್ಯಾಪಾರಿ ಚಾಲಕ ಕಟ್ಟಿದ ಹಗ್ಗವನ್ನು ಎತ್ತಿ ಹಿಡಿದು, ತಾಯಿಯನ್ನು ಆ ದಾರಿಯಿಂದ ನಡೆಸಿಕೊಂಡು ಹೋಗಿ, ಕುರ್ಚಿ ಹಾಕಿ ಕೂರಿಸಿದ. ಇಡೀ ಅಂಗಳದಲ್ಲಿ ಅದಕ್ಕಿಂತ ಸುರಕ್ಷಿತ ಜಾಗ ಅವನಿಗೆ ಕಾಣಲಿಲ್ಲ.

ಚಾಲಕ ಊಟ ಮಾಡಿ ಬಂದ. ಬೆಳಗ್ಗೆ ಐದು ಸಲ ಕ್ರೇನನ್ನು ಸುತ್ತಿದ್ದವನು ಊಟದ ಮೇಲೆ ಒಂದು ಸಲವೂ ಸುತ್ತಲಿಲ್ಲ. ಹಗ್ಗ ಕಟ್ಟಿದ್ದೇನಲ್ಲ ಎಂಬ ಧೈರ್ಯ. ಮುಂಬದಿಯಿಂದ ಹತ್ತಿ ಕೂತ. ಅವನ ಎದುರಿನ ಪರದೆಯಲ್ಲಿ ಐದು ಹಲಗೆಗಳ ಲೆಕ್ಕ ಇತ್ತು, ದೀಪ ಹಸಿರಾಗಿತ್ತು. ಯಂತ್ರಕ್ಕೆ ತಾನು ಹೊತ್ತುಕೊಂಡದ್ದು ಗೊತ್ತು. ಬೇರೆಯವರು ಹೊರಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಬಾಯ್ಲರ್ ಲಾರಿಯಿಂದ ಒಂದು ಗೇಣು ಮೇಲೆದ್ದಿತು. ಅಲ್ಲಿ ನಿಂತಿತು. ಚಾಲಕ ಉಸಿರು ಎಣಿಸುವಷ್ಟು ಹೊತ್ತು ಕಾದ. ಆಮೇಲೆ ಅದು ಏರತೊಡಗಿತು. ಸೂರಿನ ಮಟ್ಟ ಬಂತು, ಸೂರು ದಾಟಿತು. ಅಷ್ಟು ದೊಡ್ಡ ಕಬ್ಬಿಣ ಆಕಾಶದಲ್ಲಿ ತೇಲುವಾಗ ಅದರ ನೆರಳು ಜನರ ಮುಖಗಳ ಮೇಲೆ ಹಾದುಹೋಯಿತು. ತೋಳು ಪೂರಾ ಚಾಚಿತು. ಆಮೇಲೆ ಮೊಣಕೈ ಬಾಗಿತು. ಬಾಯ್ಲರ್ ಸೂರಿನ ಆಚೆ ನಿಧಾನವಾಗಿ ಮುಳುಗಿತು. ಗಿರಣಿಯ ಹಿಂದಿದ್ದವರು ಕೂತಿತು ಎಂದು ಕೂಗಿದರು. ವ್ಯಾಪಾರಿ ಕೈ ಜೋಡಿಸಿದ. ಕ್ರೇನ್ ಒಂದಿಷ್ಟೂ ಅಲುಗಿರಲಿಲ್ಲ. ಕೊಸರಿನ ಫಲ ಎಂದು ಮನಸ್ಸಿನಲ್ಲಿ ಅಂದುಕೊಂಡ.

ಕೊಕ್ಕೆ ಬಿಚ್ಚಿದರು. ಬರಿಗೈ ಸೂರಿನ ಮೇಲಿಂದ ಈಚೆಗೆ ತಿರುಗಿತು. ತಿರುಗುವಾಗ ತಾಡಪಾಲಿನ ಕೆಳಗೆ ಚೀಲಗಳು ಜಾರಿದವು. ಒಳಗಿದ್ದವು ಬೆನ್ನಿನ ಅಂಚಿಗೆ ಬಂದು ಉಬ್ಬಿ ನಿಂತವು. ಅದು ಯಾರಿಗೂ ಕಾಣಲಿಲ್ಲ. ಚಾಲಕ ತೋಳನ್ನು ಎತ್ತಿ ಮಡಚತೊಡಗಿದ.

ಕಾಕಾ ಕ್ರೇನಿನ ಮುಂದಿನ ಕಾಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಕಣ್ಣೆದುರು ಕಬ್ಬಿಣದ ಪಾದ, ಅದರ ಕೆಳಗೆ ಮರದ ದಿಮ್ಮಿ. ಎರಡರ ನಡುವೆ ಬೆಳಕು ಕಂಡಿತು. ಒಂದು ಬೆರಳಿನಷ್ಟು. ನಂಬಲಾರದೆ ಬಗ್ಗಿ ನೋಡಿದ. ಎರಡು ಬೆರಳಾಯಿತು.

"ಕಾಲು ಎದ್ದದ!" ಎಂದು ಕೂಗಿದ.

ಚಾಲಕನಿಗೆ ಆ ಕೂಗು ಕೇಳಿಸುವ ಮೊದಲೇ ಕೂತ ಜಾಗದಲ್ಲಿ ತಿಳಿದಿತ್ತು. ಮಡಚುವುದನ್ನು ನಿಲ್ಲಿಸಿದ. ಇಳಿದು ಓಡಲಿಲ್ಲ. ಮಡಚಿದ ಮೊಣಕೈಯನ್ನು ಮತ್ತೆ ಬಿಚ್ಚಿ, ತೋಳನ್ನು ಮುಂದಕ್ಕೆ ಚಾಚಿದ. ಕೈಯಲ್ಲಿ ಏನೂ ಇರಲಿಲ್ಲ. ಬರಿಗೈಯ ತೂಕದಿಂದಲೇ ಮುಂಭಾಗ ಕೆಳಗೆ ಬರಬೇಕು. ಎರಡು ಬೆರಳು ಒಂದಾಯಿತು, ಒಂದು ದಾರದಷ್ಟಾಯಿತು, ಪಾದ ದಿಮ್ಮಿಗೆ ತಾಗಿತು. ಕಾಕಾ ಒಂದು ಗೋಣಿಯ ತುಂಡನ್ನು ನಡುವೆ ತೂರಿಸಿ ಎಳೆದ. ಅದು ಸರಾಗವಾಗಿ ಆಚೆಯಿಂದ ಬಂತು. ಪಾದ ತಾಗಿತ್ತು, ಒತ್ತಿರಲಿಲ್ಲ.

ಇನ್ನಷ್ಟು ಚಾಚೋಣವೆಂದರೆ ಎದುರಿಗೆ ಗಿರಣಿಯ ಚಿಮಣಿ. ಪಕ್ಕಕ್ಕೆ ತಿರುಗಿಸೋಣವೆಂದರೆ ಹಿಂದೆ ಏನೋ ಜಾರುತ್ತಿರುವುದು ಅವನಿಗೆ ತಿಳಿಯುತ್ತಿತ್ತು.

"ಹಿಂದ ಏನು ಹಾಕೀರಿ?" ಎಂದು ಕೇಳಿದ. ಧ್ವನಿ ಏರಿಸಲಿಲ್ಲ.

ಹಮಾಲರು ವ್ಯಾಪಾರಿಯ ಕಡೆ ತಿರುಗಿದರು. ಕೊನೆಗೆ ವ್ಯಾಪಾರಿಯೇ ಹೇಳಿದ. "ನಲವತ್ತು ಚೀಲ ಭತ್ತ."

"ಯಾಕ?"

"ಕೊಸರು."

ಚಾಲಕ ಕಣ್ಣು ಮುಚ್ಚಿ ತೆರೆದ. "ಹಿಂದ ಯಾರಾದ್ರೂ ಅದಾರೇನು?"

"ನಮ್ಮವ್ವ."

ವ್ಯಾಪಾರಿ ಓಡಿದ. ಕ್ರೇನಿನ ಬೆನ್ನಿನ ಹತ್ತಿರ ಬಂದಾಗ ಚಾಲಕ ಮೇಲಿನಿಂದ ಹೇಳಿದ. "ಒಳಗ ಹೋಗಬ್ಯಾಡ್ರಿ. ಆಕೀನ್ನ ಕರೀಬ್ಯಾಡ್ರಿ. ದಾರಿ ಅದರ ಅಡಿಗೇ ಅದ. ಕೂತಲ್ಲೇ ಗ್ವಾಡಿಗೆ ಒತ್ತಿ ಕೂಡ್ಲಿ."

ವ್ಯಾಪಾರಿ ನಿಂತ. ಈಚೆ ಅವನು, ಆಚೆ ತಾಯಿ. ನಡುವೆ ಐದು ಹೆಜ್ಜೆ. ಆ ಐದು ಹೆಜ್ಜೆಯ ಮೇಲೆ ಐದು ಕಬ್ಬಿಣದ ಹಲಗೆ, ಅದರ ಮೇಲೆ ಅವನ ನಲವತ್ತು ಚೀಲ. ಅಂಚಿನಲ್ಲಿ ತಾಡಪಾಲು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಒಂದು ಚೀಲದ ಹೊಲಿಗೆ ಬಿಟ್ಟು ಭತ್ತ ಸಣ್ಣಗೆ ಸುರಿಯುತ್ತಿತ್ತು. ಅದು ತಾಯಿಯ ಕುರ್ಚಿಯ ಮುಂದೆ, ಅವಳ ಪಾದದಿಂದ ಒಂದು ಮೊಳ ದೂರದಲ್ಲಿ ಗುಪ್ಪೆಯಾಗುತ್ತಿತ್ತು.

ತಾಯಿ ಮಗನನ್ನು ಕಂಡಳು. "ಅಲ್ಲೇನು ಬಿಸಿಲಾಗ ನಿಂತೀಯೋ? ಒಳಗ ಬಾ. ಇಲ್ಲಿ ನೆರಳದ."

"ಬರ್ತೀನವ್ವಾ. ನೀ ಏಳಬ್ಯಾಡ."

"ಏಳ್ತೀನಿ. ಮುಗೀತಲ್ಲ? ನೀರು ಕುಡೀಬೇಕು."

ಅವಳು ಕುರ್ಚಿಯ ಕೈಗಳನ್ನು ಹಿಡಿದು ಮುಂದಕ್ಕೆ ಬಾಗಿದಳು. ಅಪಾಯ ಎಂದು ಹೇಳಿದರೆ ಅವಳು ಮಗನ ಕಡೆಗೇ ಓಡಿ ಬರುತ್ತಾಳೆ. ತಾಯಂದಿರು ಬೇರೆ ಕಡೆಗೆ ಓಡುವುದಿಲ್ಲ.

"ಇನ್ನೂ ಮುಗಿದಿಲ್ಲ" ಎಂದ. "ಕೈ ಮಡಚೂದು ಬಾಕಿ ಅದ. ಅದೇ ನೋಡುವಂಥಾದ್ದು. ಕುರ್ಚಿ ಹಿಂದ ಗ್ವಾಡಿಗೆ ಹಚ್ಚಿಕೊಂಡು ಕೂಡ್ರು. ಪೂರಾ ಕಾಣ್ತದ."

"ಹೌದೇನು?" ಎಂದು ಅವಳು ಮತ್ತೆ ಕೂತಳು. ಕುರ್ಚಿಯನ್ನು ಪಾದದಿಂದ ಹಿಂದಕ್ಕೆ ನೂಕುತ್ತ ಗೋಡೆಗೆ ಒರಗಿದಳು. "ಹಂಗಾದ್ರ ನೋಡ್ತೀನಿ. ನೀನೂ ನೋಡಿ ಕಲಿ. ಬೆಳಗಿಂದ ಅದು ಒಂದೇ ಕೈಲೆ ಎಷ್ಟು ಕೆಲಸ ಮಾಡ್ತು. ನಿನಗ ಎರಡದಾವು, ಬರೇ ನಿಂತೀದಿ."

ಗೋಡೆಗೆ ಒರಗಿದರೂ ಅವಳು ಆ ಮೂಲೆಯಲ್ಲೇ ಇದ್ದಳು. ಕ್ರೇನ್ ಬಿದ್ದರೆ ಗೋಡೆಯೂ ಉಳಿಯುವುದಿಲ್ಲ.

ಮುಂದೆ ಚಾಲಕ ಹಮಾಲರಿಗೆ ಒಂದೊಂದೇ ಮಾತು ಹೇಳಿದ. ಯಾರೂ ಹಿಂದೆ ಹತ್ತಬಾರದು, ಈಗ ಒಬ್ಬ ಮನುಷ್ಯನ ತೂಕವೂ ಹೆಚ್ಚು. ಮೊದಲು ಮುಂದೆ ಭಾರ ಬೇಕು. ಅವನು ತೋಳನ್ನು ಅಲುಗಿಸದೆ, ಬರೀ ಕೊಕ್ಕೆಯ ಉಕ್ಕಿನ ಹಗ್ಗವನ್ನು ಕೆಳಗೆ ಬಿಟ್ಟ. ಹಮಾಲರು ಭಾರ ಎತ್ತುವ ಹಗ್ಗದ ಬಲೆ ಹಾಸಿ, ಉಗ್ರಾಣದಿಂದ ಭತ್ತದ ಚೀಲ ತಂದು ಅದರೊಳಗೆ ಇಡತೊಡಗಿದರು. ಇಷ್ಟು ವರ್ಷ ಚೀಲ ಎಸೆದವರು ಅಂದು ಒಂದೊಂದು ಚೀಲವನ್ನೂ ಮಲಗಿದ ಕೂಸನ್ನು ಇಳಿಸಿದ ಹಾಗೆ ಇಳಿಸಿದರು. ಇಪ್ಪತ್ತು ಚೀಲ. ಬಲೆ ಕೂಡಿಸಿ ಕೊಕ್ಕೆಗೆ ಹಾಕಿದರು. ಚಾಲಕ ಹಗ್ಗವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಗಿಮಾಡಿದ. ಬಲೆ ನೆಲ ಬಿಟ್ಟಿತು.

ಕಾಕಾ ಗೋಣಿಯ ತುಂಡನ್ನು ಎಳೆದ. ಬರಲಿಲ್ಲ. ಮತ್ತೆ ಎಳೆದ. ಪಾದ ಅದನ್ನು ಕಚ್ಚಿ ಹಿಡಿದಿತ್ತು.

"ಒತ್ಯದ" ಎಂದ. ಅವನ ಕಣ್ಣಲ್ಲಿ ನೀರಿತ್ತು.

ಆಮೇಲೆ ಕಾಕಾ ಒಬ್ಬನೇ ಹಿಂದಕ್ಕೆ ಹತ್ತಿದ. ನಿಂತು ನಡೆಯಲಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ತಾಡಪಾಲಿನ ಹಗ್ಗ ಕುಯ್ದು, ಅಂಚಿನಲ್ಲಿದ್ದ ಚೀಲಗಳನ್ನು ಕೈಕೊಕ್ಕೆಯಿಂದ ಒಂದೊಂದಾಗಿ ಒಳಕ್ಕೆ ಎಳೆದ. ಅಂಚು ಖಾಲಿಯಾದ ಮೇಲೆ ಪಕ್ಕಕ್ಕೆ ಮರದ ಹಲಗೆ ಆನಿಸಿ ಒಬ್ಬೊಬ್ಬರೇ ಬಂದು ಒಂದೊಂದು ಚೀಲ ಹೊತ್ತುಕೊಂಡು ಇಳಿದರು. ಒಬ್ಬ ಇಳಿದು ನೆಲ ಮುಟ್ಟುವವರೆಗೆ ಇನ್ನೊಬ್ಬ ಹತ್ತಲಿಲ್ಲ. ಏರಿಸಲು ಅರ್ಧ ಗಂಟೆ ಹಿಡಿದ ಕೆಲಸ ಇಳಿಸಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಚಾಲಕನ ಕೈ ಹಿಡಿಕೆಗಳ ಮೇಲಿಂದ ಏಳಲಿಲ್ಲ. ಆ ಎರಡು ಗಂಟೆ ಆ ಕಬ್ಬಿಣದ ತೋಳು ಆಕಾಶದಲ್ಲಿ ಚಾಚಿದ್ದು ಚಾಚಿದ ಹಾಗೇ ಇತ್ತು. ಮುಂದೆ ಇಪ್ಪತ್ತು ಚೀಲ ಹಿಡಿದುಕೊಂಡು, ಹಿಂದೆ ಒಬ್ಬ ಮುದುಕಿಯನ್ನು ಕಾಯುತ್ತಿತ್ತು.

ವ್ಯಾಪಾರಿ ನಿಂತ ಜಾಗ ಬಿಡಲಿಲ್ಲ. ತಾಯಿ ಏಳಲು ನೋಡಿದಾಗಲೆಲ್ಲ ಏನೋ ಒಂದು ಮಾತು ತೆಗೆದ. ಅವಳ ತವರಿನ ಮಾತು, ಸತ್ತ ಎತ್ತಿನ ಮಾತು, ಮೂವತ್ತು ವರ್ಷದಿಂದ ಕೇಳದೆ ಬಿಟ್ಟಿದ್ದ ಮಾತು. "ಇವತ್ತು ಏನಾಗ್ಯದ ನಿನಗ? ಇಷ್ಟು ಮಾತಾಡಿದ್ದು ನಾ ಕಂಡಿಲ್ಲ" ಎಂದು ಅವಳು ನಕ್ಕಳು. ಅವನೂ ನಗಲು ನೋಡಿದ, ಆಗಲಿಲ್ಲ.

ನಲವತ್ತನೆಯ ಚೀಲ ಇಳಿಯಿತು. ಕಾಕಾ ಇಳಿದ. ಚಾಲಕ ಬಲೆಯನ್ನು ನೆಲಕ್ಕೆ ಬಿಟ್ಟು, ಪಾದ ನೋಡು ಎಂದ. ಒತ್ತಿದೆ ಎಂದರು. ಆಗ ಅವನು ತೋಳನ್ನು ಮಡಚಿದ. ಅಷ್ಟುದ್ದದ ತೋಳು ಮೊಣಕೈಯಲ್ಲಿ ಬಾಗಿ, ಒಂದರೊಳಗೊಂದು ಸೇರಿ, ಕೆಲಸ ಮುಗಿಸಿದ ಹೆಂಗಸು ಎದೆಯ ಮೇಲೆ ಕೈ ಕಟ್ಟಿಕೊಂಡ ಹಾಗೆ ಮೈಗೆ ಅಂಟಿ ನಿಂತಿತು. ಪಾದಗಳು ಅಲುಗಲಿಲ್ಲ. ಬೆನ್ನಿನ ಮೇಲೆ ಐದೇ ಹಲಗೆ.

"ನೀ ಹೇಳಿದ್ದು ಖರೇ" ಎಂದಳು ತಾಯಿ. "ಇದೇ ನೋಡುವಂಥಾದ್ದು." ಎರಡೂ ಕೈ ಎತ್ತಿ ಮುಗಿದಳು.

ಚಾಲಕ ಹೋಗಬಹುದು ಎಂದು ಕೈ ಮಾಡಿದ ಮೇಲೆ ವ್ಯಾಪಾರಿ ಒಳಗೆ ಹೋಗಿ ಅವಳನ್ನು ಎತ್ತಿಕೊಂಡು ಬಂದ. ನಡೆಯುತ್ತೇನೆ ಬಿಡೋ ಎಂದು ಅವಳು ಭುಜಕ್ಕೆ ಗುದ್ದಿದರೂ ಬಿಡಲಿಲ್ಲ. ನೆಲದಲ್ಲಿ ಸುರಿದಿದ್ದ ಭತ್ತವನ್ನು ತುಳಿದುಕೊಂಡೇ ಬಂದ. ಧಾನ್ಯ ತುಳಿದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಚಾಲಕ ಇಳಿದು ಚಕ್ರಕ್ಕೆ ಒರಗಿ ಕೂತಿದ್ದ. ಬೆರಳುಗಳು ಮಡಚಿದ್ದು ಬಿಚ್ಚುತ್ತಿರಲಿಲ್ಲ. ವ್ಯಾಪಾರಿ ಅವನ ಎದುರು ಬಂದು ನಿಂತ.

"ನಿನ್ನ ಮಾತು ಕೇಳಬೇಕಿತ್ತು" ಎಂದ.

"ಊಟ ಆದಮ್ಯಾಲ ನಾನೂ ಹಿಂದ ಬಂದು ನೋಡಬೇಕಿತ್ರಿ" ಎಂದ ಚಾಲಕ.

ಆ ವ್ಯಾಪಾರಿ ಅಂಗಡಿಯಲ್ಲಿ ಕೊಸರು ಹಾಕುವುದನ್ನು ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ತಕ್ಕಡಿಯ ಕೊಸರನ್ನು ಗಿರಾಕಿ ಕಣ್ಣಾರೆ ನೋಡುತ್ತಾನೆ, ತನ್ನ ಚೀಲ ಒಡ್ಡಿ ತೆಗೆದುಕೊಳ್ಳುತ್ತಾನೆ, ತಾನೇ ಹೊತ್ತುಕೊಂಡು ಹೋಗುತ್ತಾನೆ. ಕ್ರೇನಿನ ಬೆನ್ನಿಗೆ ಹಾಕಿದ್ದನ್ನು ಬೇಡಿದವರು ಯಾರೂ ಇರಲಿಲ್ಲ. ಭಾರ ಹಿಡಿದಿದ್ದಾಗ ಅದು ಪುಣ್ಯದ ಹಾಗೆ ಕಂಡಿತು. ಕೈ ಬರಿದಾದಾಗ ಅದು ಏನೆಂದು ತಿಳಿಯಿತು.

ಗುರುಗಳು ಕತೆ ನಿಲ್ಲಿಸಿದರು.

ಎದುರಿಗೆ ಆ ತೋಳು ಇನ್ನೂ ಚಾಚಿಕೊಂಡೇ ಇದೆಯೇನೋ ಎಂಬಂತೆ ಶಿಷ್ಯನ ಕಣ್ಣು ಮೇಲಕ್ಕೆ ನೋಡುತ್ತಿತ್ತು. ಆಮೇಲೆ ಅವನೊಳಗಿನ ವಾದ ಮತ್ತೆ ಎಚ್ಚರವಾಯಿತು.

"ಗುರುಗಳೇ, ಆ ವ್ಯಾಪಾರಿ ಮುಚ್ಚಿಟ್ಟ. ನಾನು ಏನನ್ನೂ ಮುಚ್ಚಿಟ್ಟಿಲ್ಲ, ನನ್ನ ಉಪವಾಸ ಮಠಕ್ಕೆಲ್ಲ ಗೊತ್ತು. ಅವನು ತಾಯಿಯನ್ನು ಹಿಂದೆ ಕೂರಿಸಿದ್ದ. ನಾನು ಒಂಟಿ. ನಾನು ಬಿದ್ದರೂ ನಾನೊಬ್ಬನೇ ಬೀಳುತ್ತೇನೆ. ನನ್ನ ಹಿಂದೆ ಯಾರೂ ಇಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು.

"ಹೆಚ್ಚಿನ ಆ ಎರಡು ದಿನ, ಎದ್ದು ನಿಲ್ಲಲೂ ಆಗದೆ ನೀನು ಮಲಗಿರುವಾಗ, ದಾಸೋಹದ ಒಲೆಗೆ ನಿನ್ನ ಪಾಲಿನ ಸೌದೆ ಹೊರುತ್ತಿರುವವರು ಯಾರು?"